ಟಕಟಕಪ್ಪನವರ ಬಿಡುಗಡೆ ಆದೇಶ

ನಿವೃತ್ತಿಯ ದಿನ ಬೆಳಿಗ್ಗೆಯೇ ಟಕಟಕಪ್ಪನವರ ಟೈಪ್‌ರೈಟರನ್ನು ಗುಜರಿಗೆ ಹೊತ್ತುಕೊಂಡು ಹೋದರು. ಮೂವತ್ತೊಂದು ವರ್ಷ ಅದನ್ನು ಕುಟ್ಟಿದ್ದಕ್ಕೇ ಕಚೇರಿಯವರು ಅವರಿಗೆ ಆ ಹೆಸರಿಟ್ಟಿದ್ದರು. ಮೇಜಿನ ಮೇಲೆ ಅದರ ನಾಲ್ಕು ಕಾಲಿನ ಗುರುತು ಉಳಿದಿತ್ತು. ಅಲ್ಲೇ ಕಂಪ್ಯೂಟರ್ ಇಟ್ಟು, ಸಾಹೇಬರು ತಮ್ಮ ಪಾಸ್‌ವರ್ಡ್ ಹಾಕಿ ತೆರೆದುಕೊಟ್ಟರು.

ಟಕಟಕಪ್ಪನವರು ತಮ್ಮ ಬಿಡುಗಡೆ ಆದೇಶವನ್ನು ತಾವೇ ಟೈಪು ಮಾಡಿಕೊಳ್ಳಬೇಕಿತ್ತು. ಕೈಬರಹದ ಆದೇಶ ಅಲ್ಲಿ ನಡೆಯುತ್ತಿರಲಿಲ್ಲ. ಹಟ ಹಿಡಿದು ಆ ನಿಯಮ ಮಾಡಿಸಿದವರೂ ಅವರೇ. ಐದೂಕಾಲಿಗೆ ಮಗಳ ಊರಿನ ಬಸ್ಸು. ಹೆಂಡತಿ ಮಧ್ಯಾಹ್ನವೇ ಪೆಟ್ಟಿಗೆ ಸಮೇತ ಬಂದು ವರಾಂಡದಲ್ಲಿ ಕೂತಿದ್ದರು.

ಕೀ ಒತ್ತಿದರೆ ಇಂಗ್ಲಿಷು ಬಂತು.

"ಕನ್ನಡ ಹಾಕ್ಕೊಡ್ತೀನಿ ಬಿಡಿ," ಎಂದು ಟಪಾಲು ಗುಮಾಸ್ತ ಸೆಟ್ಟಿಂಗ್ಸ್ ತೆರೆದು ತನಗೆ ಗೊತ್ತಿದ್ದ ಅಕ್ಷರವಿನ್ಯಾಸದ ಕೀಲಿಮಣೆಯನ್ನು ಸೇರಿಸಿದ. ಟಕಟಕಪ್ಪನವರು ಕಣ್ಣು ಮುಚ್ಚಿ ಕುಟ್ಟಿದರು. ಬೆರಳು ಕೇಳಿದ್ದೊಂದು, ತೆರೆ ಕೊಟ್ಟದ್ದೊಂದು. ಹುಟ್ಟಿದ ಮನೆಗೆ ಹೋದರೆ ಕಿಟಕಿಯಿದ್ದಲ್ಲಿ ಯಾರೋ ಬಾಗಿಲು ಇಟ್ಟಿದ್ದ ಹಾಗಾಯಿತು.

"ಆ ಹಾಳು ಕೀಲಿಮಣೆ ಯಾರಿಗ್ರೀ ಬೇಕು? ಇದನ್ನ ಹಾಕ್ಕೊಳ್ಳಿ," ಎಂದು ಉಗ್ರಾಣದ ಅಕ್ಕ ಇನ್ನೊಂದನ್ನು ಸೇರಿಸಿದಳು. ನಕಾಶೆ ಬರೆಯುವವನು ಮೂರನೆಯದನ್ನು. ಈಗ ಬೆರಳು ಅಪ್ಪಿತಪ್ಪಿ ತಗುಲಿದರೂ ಕೀಲಿಮಣೆ ಊಸರವಳ್ಳಿಯಂತೆ ಬದಲಾಗುತ್ತಿತ್ತು.

ನಾಲ್ಕು ಗಂಟೆಗೆ ನಕಾಶೆಯವನೇ ಪಟ್ಟಿಯ ತಳದಲ್ಲಿ ಹಳೇ ಟೈಪ್‌ರೈಟರಿನ ಕೀಲಿಮಣೆಯನ್ನು ಪತ್ತೆಮಾಡಿದ. ಅಕ್ಷರಗಳೆಲ್ಲ ಇದ್ದಲ್ಲೇ ಇದ್ದವು. ಟಕಟಕಪ್ಪನವರ ಕಣ್ಣು ತೇವವಾಯಿತು.

"ಇದೊಂದೇ ಇರ್ಲಿ ಕಣಯ್ಯ. ಮಿಕ್ಕಿದ್ದೆಲ್ಲ ಕಿತ್ತಾಕು."

"ಇಂಗ್ಲಿಷೂನಾ?"

"ಅದನ್ನೇ ಮೊದ್ಲು!"

ಆಮೇಲೆ ಕಚೇರಿಯಲ್ಲಿ ಮಳೆ ಹೊಯ್ದಂಥ ಆ ಹಳೆಯ ಟಕಟಕ ಸದ್ದು ಕೇಳಿತು. ಸಾಲು ಮುಗಿದಾಗಲೆಲ್ಲ ಅವರ ಎಡಗೈ ಟೈಪ್‌ರೈಟರಿನ ಇಲ್ಲದ ಹಿಡಿಯನ್ನು ಗಾಳಿಯಲ್ಲಿ ತಳ್ಳುತ್ತಿತ್ತು. ಉಗ್ರಾಣದ ಅಕ್ಕ ನಗಲಿಲ್ಲ.

ಆದೇಶ ಮುಗಿಸಿ, ಒಮ್ಮೆ ನೋಡಲೆಂದು ಸಾಹೇಬರನ್ನು ಕರೆಯಲು ಹೋದರು. ಸಾಹೇಬರು ಟೀ ಮುಗಿಸಿ ಬರುವಷ್ಟರಲ್ಲಿ ತೆರೆ ಕಪ್ಪಾಗಿ ಪಾಸ್‌ವರ್ಡ್ ಕೇಳುತ್ತಿತ್ತು.

ಸಾಹೇಬರು ಹಾಕಿದರು. ತಪ್ಪು. ಮತ್ತೆ ಹಾಕಿದರು. ಮತ್ತೂ ತಪ್ಪು.

"ಏನ್ರೀ ಇದು? ನನ್ನ ಪಾಸ್‌ವರ್ಡ್ ನನಗೇ ಮರೆತೋಯ್ತಾ?"

"ಅದು ಇಂಗ್ಲಿಷಲ್ಲಿದೆ ಅಲ್ವಾ ಸಾರ್," ನಕಾಶೆಯವನು ತಲೆ ಕೆರೆದುಕೊಂಡ. "ಇಂಗ್ಲಿಷನ್ನ ಇವ್ರೇ ಕಿತ್ತಾಕ್ಸಿದ್ರು. ಇನ್ನು ರಿಪೇರಿಯವ್ನೇ ಬರ್ಬೇಕು. ನಾಳೆ."

ಸಾಹೇಬರು ಗಡಿಯಾರ ನೋಡಿದರು. "ಆದೇಶ ಕೈಗೆ ಬರೋ ತನಕ ನೀವು ನೌಕರರೇ. ಹತ್ತಕ್ಕೆ ಬಂದ್ಬಿಡಿ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ಹೆಂಡತಿ ಪೆಟ್ಟಿಗೆ ಎತ್ತಿಕೊಂಡರು.

"ನಾನು ಹೊರಟೆ. ಆ ಕಂಪ್ಯೂಟರು ನಿಮ್ಮನ್ನ ಬಿಟ್ಟಾಗ ಬನ್ನಿ."