ಇಗರ್ಜಿಗೆ ಬೆಂಚು ಬಂದದ್ದು

ನಿಂತಾಗ ಇಲ್ಲದ ದೊಡ್ಡಸ್ತಿಕೆ ಮನುಷ್ಯನಿಗೆ ಕೂತ ಕೂಡಲೇ ಬಂದುಬಿಡುತ್ತದೆ. ಮದುವೆಮನೆಯ ಪಂಕ್ತಿಯಿರಲಿ, ರೈಲಿನ ಡಬ್ಬಿಯಿರಲಿ, ಜಗಳವೆಲ್ಲ ಕೂಡುವ ಜಾಗಕ್ಕೇ. ದೇವರ ಮನೆಯಲ್ಲಾದರೂ ಈ ರಗಳೆ ಇರಲಾರದು ಎಂದು ನೀವು ತಿಳಿದಿದ್ದರೆ, ಗೋಕಾಕದ ಗಿರಣಿ ಚಾಳಿನ ನಮ್ಮ ಇಗರ್ಜಿಯ ಚರಿತ್ರೆ ನಿಮಗೆ ಗೊತ್ತಿಲ್ಲ ಎಂದೇ ಅರ್ಥ. ಅದನ್ನು ಬರೆದುಕೊಡಿ ಎಂದು ಹೊಸ ಪಾದ್ರಿಗಳು ನನ್ನ ಬೆನ್ನು ಹತ್ತಿದ್ದಾರೆ. ಅಡಿಗಲ್ಲು ಯಾರು ಇಟ್ಟರು, ಗಂಟೆ ಎಲ್ಲಿಂದ ಬಂತು ಎಂದು ಗಂಭೀರವಾಗಿ ಶುರುಮಾಡುತ್ತೇನೆ. ಆದರೆ ಲೇಖಣಿ ತಾನಾಗಿಯೇ ಬೆಂಚುಗಳ ಕಡೆಗೆ, ಅಲ್ಲಿಂದ ನಮ್ಮವ್ವನ ಕಡೆಗೆ ಹೋಗುತ್ತದೆ.

ಮೊದಲು ನಮಗೆ ಇಗರ್ಜಿ ಎಂಬುದೇ ಇರಲಿಲ್ಲ. ಗಿರಣಿ ಕೆಲಸಕ್ಕೆಂದು ಗೋವೆಯ ಕಡೆಯಿಂದ ಬಂದ ಕೊಂಕಣಿ ಮನೆಗಳು ಕೆಲವು, ತುಕ್ಕಾನಟ್ಟಿ, ಕುಲಗೋಡ ಕಡೆಯಿಂದ ಬಂದ ನಮ್ಮಂಥ ಕನ್ನಡ ಮನೆಗಳು ಕೆಲವು. ಎಲ್ಲರಿಗೂ ಸೇರಿ ಜೈನ ವ್ಯಾಪಾರಿಯೊಬ್ಬರು ತಮ್ಮ ಖಾಲಿ ಗೋದಾಮನ್ನು ಬಿಟ್ಟುಕೊಟ್ಟಿದ್ದರು. "ನಿಮ್ಮ ಪೂಜಾ ನೀವು ಮಾಡ್ಕೋರಿ, ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಹಬ್ಬ ಅಂತ ಕೋಳಿ ಮಾತ್ರ ಒಳಗ ತರಬ್ಯಾಡ್ರಿ" ಎಂಬುದೊಂದೇ ಅವರ ಕರಾರು. ಹೀಗಾಗಿ ನಮ್ಮ ಮೊದಲ ಕ್ರಿಸ್ಮಸ್ಸುಗಳು ಹೋಳಿಗೆಯ ಮೇಲೆಯೇ ಸಾಗಿದವು. ಅದರಿಂದ ನಮ್ಮ ಭಕ್ತಿಗೇನೂ ಊನ ಬಂದಂತೆ ಕಾಣಲಿಲ್ಲ.

ಆಮೇಲೆ ತಗಡಿನ ಮಾಡಿನ ಸ್ವಂತ ಇಗರ್ಜಿಯಾಯಿತು. ನೆಲ ಮಾತ್ರ ಮಣ್ಣಿನದು. ಶನಿವಾರ ಬಂತೆಂದರೆ ಅವ್ವ ಸೀರೆ ಎತ್ತಿಕಟ್ಟಿ, ಬುಟ್ಟಿ ಸೆಗಣಿ ಹೊತ್ತು ಹೊರಡುವಳು. ಕೊಂಕಣಿ ಹೆಂಗಸರು ಪೀಠಕ್ಕೆ ಹೂವಿಟ್ಟರೆ, ನೆಲ ಸಾರಿಸುವುದು ಅವ್ವನದು. ಆ ಕೆಲಸವನ್ನು ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಸೊಸೆ ಕೈಹಚ್ಚಲು ಹೋದರೆ, "ನೀ ಮನಿ ನೆಲಾ ನೋಡ್ಕೊ, ದೇವರ ನೆಲಾ ನಾ ನೋಡ್ಕೋತೇನಿ" ಎನ್ನುವಳು. ಭಾನುವಾರ ಚಪ್ಪಲಿ ಹೊರಗೆ ಬಿಟ್ಟು, ತಾನೇ ಸಾರಿಸಿದ ನೆಲದ ಮೇಲೆ, ಪೀಠದ ಎದುರಿಗೇ ಕೂಡುವಳು. ಲ್ಯಾಟಿನ್ ಪೂಜೆ ಅವಳಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನನಗೂ ತಿಳಿಯುತ್ತಿರಲಿಲ್ಲ. ಆದರೆ ನಾನು ತಿಳಿದವರಂತೆ ತಲೆಯಾಡಿಸುತ್ತಿದ್ದೆ.

ನಾನು ಗಿರಣಿಯಲ್ಲಿ ಕಾರಕೂನ. ದಿನವಿಡೀ ಕುರ್ಚಿ, ಭಾನುವಾರ ಬಿಳಿ ಪಾಟಲೋನು. ಆ ಪಾಟಲೋನಿನಲ್ಲಿ ಮೊಣಕಾಲೂರಿ ಎದ್ದರೆ ಎರಡೂ ಮೊಣಕಾಲಿಗೆ ಹಸಿರು ಮುದ್ರೆ ಬೀಳುತ್ತಿತ್ತು. ಗಿರಣಿಯ ಬಿಳಿ ಸಾಹೇಬರು ಒಮ್ಮೆ ಅದನ್ನು ನೋಡಿ ನಕ್ಕರು. ಅಂದಿನಿಂದ, ಬೆಂಚಿಲ್ಲದ ಇಗರ್ಜಿ ಇಗರ್ಜಿಯೇ ಅಲ್ಲವೆಂಬ ಜ್ಞಾನ ನನಗೆ ಉದಯವಾಯಿತು. ಸಿಕ್ಕವರಿಗೆಲ್ಲ ಅದನ್ನು ಬೋಧಿಸಿದೆ. ಕೊನೆಗೆ ಪಾದ್ರಿಗಳು ಒಪ್ಪಿದರು. ಚಾಳಿನ ಬಡಗಿ ಪೆದ್ರು ಸಾಗವಾನಿ ತರಿಸಿ, ಗೋವೆಯ ದೊಡ್ಡ ಇಗರ್ಜಿಗಳಲ್ಲಿ ಇರುವ ಹಾಗೆಯೇ ಬೆಂಚು ಮಾಡಿದ. ಪ್ರತಿ ಬೆಂಚಿನ ಮುಂದೆ ಮೊಣಕಾಲೂರಲೆಂದು ಗೇಣೆತ್ತರದ ಉದ್ದ ಹಲಗೆ. ಎಲ್ಲವನ್ನೂ ನೆಲದಲ್ಲಿ ಭದ್ರವಾಗಿ ಹುಗಿದು ನಿಲ್ಲಿಸಿದ.

ಆ ಶನಿವಾರ ಅವ್ವ ಬುಟ್ಟಿಯೊಂದಿಗೆ ಹೋದವಳು ಬುಟ್ಟಿಯೊಂದಿಗೇ ತಿರುಗಿ ಬಂದಳು. ಬೆಂಚುಗಳ ಕಾಲ ಸಂದಿಯಲ್ಲಿ ಅವಳ ಕೈ ಆಡುವಂತಿರಲಿಲ್ಲ. ಮರುದಿನ ಎಲ್ಲರೂ ಹೊರಟಾಗ ಅವ್ವ ಒಲೆಯ ಮುಂದೆ ಕೂತೇ ಇದ್ದಳು.

"ನಾ ಬರಾಂಗಿಲ್ಲ. ನೀವು ಹೋಗ್ರಿ."

ಮುಂದಿನ ವಾರವೂ ಅದೇ ಮಾತು. ಮನೆಯ ಮೂಲೆಯಲ್ಲಿ ಶಿಲುಬೆಯಿಟ್ಟು, ಅದರ ಮುಂದಿನ ಅಂಗೈಯಗಲ ನೆಲವನ್ನು ಸಾರಿಸಿ ಅಲ್ಲೇ ಜಪಮಾಲೆ ಹಿಡಿದಳು. ಬರಬರುತ್ತ ಮೊಮ್ಮಕ್ಕಳು ಅವಳ ಬಾಜೂ ಕೂತರು; ನನ್ನ ಹೆಂಡತಿಯೂ, "ಅತ್ತಿ ಒಬ್ಬಾಕಿನ ಬಿಟ್ಟು ಹ್ಯಾಂಗ ಬರ್ಲಿ?" ಎಂದು ಉಳಿದುಕೊಂಡಳು. ನಾನೊಬ್ಬನೇ ಮುಂದಿನ ಬೆಂಚಿನ ಮೇಲೆ, ಕಲೆಯಿಲ್ಲದ ಪಾಟಲೋನಿನಲ್ಲಿ, ಇಡೀ ಕುಟುಂಬದ ಪರವಾಗಿ ಕೂರತೊಡಗಿದೆ. ಪಾಸ್ಕ ಹಬ್ಬ, ಎಂದರೆ ಈಸ್ಟರ್, ಹತ್ತಿರ ಬಂತು. ಆ ಹಬ್ಬಕ್ಕೂ ಅವ್ವ ಬರದಿದ್ದರೆ ಇನ್ನು ಅವಳು ಇಗರ್ಜಿ ಕಾಣುವುದು ತಾನು ಸತ್ತ ದಿನವೇ ಎಂದು ನನಗೆ ಭಯವಾಯಿತು.

ಪಾದ್ರಿಗಳನ್ನೇ ಮನೆಗೆ ಕರೆತಂದೆ. ಗೋವೆಯವರಾದರೂ ಅವರು ಕನ್ನಡ ಕಲಿತದ್ದು ನಮ್ಮ ಚಾಳಿನಲ್ಲಿ.

"ಯಾಕಬೇ ಮರಿಯವ್ವಾ, ದೇವರ ಮ್ಯಾಲ ಸಿಟ್ಟೇನು?" ಎಂದರು.

"ದೇವರ ಮ್ಯಾಲ ಯಾಕ ಸಿಟ್ಟರಿ? ಆತ ಶಿಲುಬಿ ಮ್ಯಾಲ ನೇತಾಡಾಕತ್ತಾನ, ಪಾಪ. ಆತನ ಮುಂದ ನಾವು ಕಾಲು ಇಳಿಬಿಟ್ಟು, ಬೆನ್ನಿಗೆ ಆಸರಾ ಮಾಡ್ಕೊಂಡು ಕುಂದ್ರೂದೇನ್ರಿ? ನಿಮಗ ಚಂದ ಕಾಣಸ್ತೈತೇನು?"

ಪಾದ್ರಿಗಳು ನನ್ನನ್ನು ನೋಡಿದರು. ನಾನು ತಲೆಯೆತ್ತಿ ಮಾಡು ನೋಡಿದೆ.

"ನಿಮಗ ಹ್ಯಾಂಗ ತಿಳೀತೈತಿ ಹಂಗ ಕುಂದರ್ರಿ. ಬರ್ರಿ ಅಂದ್ರ ಸಾಕು" ಎಂದು ಅವರು ಚಹಾ ಕುಡಿದು ಎದ್ದರು.

ಪಾಸ್ಕದ ದಿನ ಹುಕ್ಕೇರಿ ಕಡೆಯಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು. ಅವ್ವನೂ ಬಂದಳು. ಹೆಂಗಸರ ಬದಿ, ಗಂಡಸರ ಬದಿ ಎಂದು ಬೇರೆಬೇರೆಯಿದ್ದವು. ಆದರೆ ತನ್ನ ವಯಸ್ಸಿಗೆ ಅದು ಅನ್ವಯಿಸುವುದಿಲ್ಲವೆಂದು ಅವಳೇ ತೀರ್ಮಾನಿಸಿ, ನೇರವಾಗಿ ನನ್ನ ಬೆಂಚಿನ ಹತ್ತಿರ ಬಂದಳು. ಬೆಂಚನ್ನು ನೋಡಿದಳು. ಕೆಳಗಿನ ಹಲಗೆಯನ್ನು ನೋಡಿದಳು. ಅವಳ ಮುಖ ಅರಳಿತು.

"ಬಡಿಗ್ಯಾ ಭಾಳ ಶಾಣ್ಯಾ ಅದಾನಪಾ! ಕುಂದ್ರಾಕ ಮಣಿ ಮಾಡ್ಯಾನ. ನನಗ ಯಾರೂ ಹೇಳೇ ಇಲ್ಲ!"

ಮೊಣಕಾಲೂರುವ ಹಲಗೆಯ ಮೇಲೆ, ಊಟದ ಮಣೆಯ ಮೇಲೆ ಕೂತಷ್ಟೇ ಸಲೀಸಾಗಿ, ಕೂತುಬಿಟ್ಟಳು. ಅದನ್ನು ಕಂಡ ಕನ್ನಡ ಮನೆಯವರೆಲ್ಲ, ಇಷ್ಟು ವಾರ ಬೆಂಚಿನ ತುದಿಯಲ್ಲಿ ಅಂಜುತ್ತ ಕೂತಿದ್ದವರು, ಒಬ್ಬೊಬ್ಬರಾಗಿ ಕೆಳಗಿಳಿದರು. ಹಿಂದಿನ ಸಾಲಿನವರಿಗೆ ತಮ್ಮ ಮೊಣಕಾಲೇ ಗದ್ದಕ್ಕೆ ಬಡಿಯುತ್ತಿತ್ತು, ಪೀಠ ಕಾಣುತ್ತಿರಲಿಲ್ಲ, ಆದರೂ ಮುಖದಲ್ಲಿ ನೆಮ್ಮದಿ. ಬೆಂಚಿನ ಮೇಲಿದ್ದ ಕೊಂಕಣಿಗರಿಗೆ ಮೊಣಕಾಲೂರಲು ಹಲಗೆಯೇ ಉಳಿಯಲಿಲ್ಲ. ಪೆದ್ರು ಹಣೆ ಹಣೆ ಬಡಿದುಕೊಂಡ.

ನನ್ನ ಕಾಲ ಬುಡದಲ್ಲಿ ಅವ್ವ. ನಾನು ಅವಳ ತಲೆಯ ಮೇಲೆ ಸಾಹೇಬನಂತೆ ಕೂತಿದ್ದೆ. ಅವಳು ಹಿಂತಿರುಗಿ, ತುಸು ಸರಿದು, ಹಲಗೆ ತಟ್ಟಿದಳು.

"ಅಲ್ಲೇನ್ ಮ್ಯಾಲ ಕುಂತಿ? ಬಾ ಇಲ್ಲೆ, ಜಾಗಾ ಐತಿ."

ಇಳಿದು ಬಾಜೂ ಕೂತೆ. ಅವಳು ನನ್ನ ಕೈ ಹಿಡಿದುಕೊಂಡಳು. ಆ ಕೈಗೆ ಸೆಗಣಿಯ ವಾಸನೆ ಇರಲಿಲ್ಲ. ಇಗರ್ಜಿಯಲ್ಲಿ ಆ ವಾಸನೆಯಿಲ್ಲದ ಅವ್ವನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಬ್ಬದ ದಿನವಾದರೂ ನನಗೆ ಬಹಳ ಸಂಕಟವಾಯಿತು.

ಅವ್ವ ಇರುವವರೆಗೂ ಆ ಹಲಗೆ ಮಣೆಯಾಗಿಯೇ ಉಳಿಯಿತು. ಈಗಿನ ಪಾದ್ರಿಗಳು ಅದರ ನಿಜವಾದ ಉಪಯೋಗವನ್ನು ಎಲ್ಲರಿಗೂ ಕಲಿಸಿದ್ದಾರೆ. ನಾನೂ ಕಲಿತಿದ್ದೇನೆ. ಆದರೂ ಪೂಜೆಗೆ ಮುಂಚೆಯೇ ಹೋಗಿ, ಯಾರೂ ಇಲ್ಲದಾಗ ತುಸು ಹೊತ್ತು ಅದರ ಮೇಲೆ ಕೂತು ಬರುತ್ತೇನೆ, ಬಾಜೂ ಒಬ್ಬರಿಗಾಗುವಷ್ಟು ಜಾಗ ಬಿಟ್ಟು. ಕೂಡುವುದು ಸುಲಭ, ಏಳುವುದೇ ಕಷ್ಟ. ಆಗ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಏಳುತ್ತೇನೆ. ಇಗರ್ಜಿಗೆ ಬೆಂಚು ಬೇಕೇಬೇಕು ಎಂದು ಅಂದು ನಾನು ವಾದಿಸಿದ್ದು ಅಷ್ಟರಮಟ್ಟಿಗೆ ಖರೆಯಾಯಿತು.