ನಾನು ನೋಡದ ಊರಿಗೆ ನಾನೇ ಗೈಡ್

ಕಾಣದ ಊರಿನ ಬಗ್ಗೆ ಎಲ್ಲ ತಿಳಿದವಳ ಹಾಗೆ ಮಾತಾಡಬೇಕಾದ ಪ್ರಸಂಗ ನನಗೆ ಪದೇ ಪದೇ ಒದಗಿಬರುತ್ತದೆ. ಟೋಕಿಯೋಗೆ ಬಂದ ಹೊಸತರಲ್ಲಿ ಆಫೀಸಿನವರೆಲ್ಲ ತಾಜ್ ಮಹಲಿನ ಬಗ್ಗೆ ಕೇಳುತ್ತಿದ್ದರು. ಮೈಸೂರಿನವಳಾದ ನಾನು ಆಗ್ರಾ ಕಂಡವಳಲ್ಲ. ಆದರೂ ಬಾಯಿಗೆ ಬಂದದ್ದು ಹೇಳಿ ದೇಶದ ಮರ್ಯಾದೆ ಉಳಿಸಿದ್ದೆ. ಕೊರೊನಾ ಕಾಲದಲ್ಲಿ ಅದೇ ವಿದ್ಯೆ ಉಪಯೋಗಕ್ಕೆ ಬಂತು.

ಟೋಕಿಯೋ ಪಕ್ಕದ ಚಿಬಾ ಕಡೆಯ ಒಂದು ಪುಟ್ಟ ಊರಿಗೂ ಫ್ರಾನ್ಸಿನ ಬ್ರಿಟನಿ ಸೀಮೆಯ ಒಂದು ಹಳ್ಳಿಗೂ ಬಹಳ ವರ್ಷಗಳ ಸ್ನೇಹ. ಹಳ್ಳಿಯ ಹೆಸರು ಹೇಳುವುದಿಲ್ಲ, ಯಾಕೆಂದು ಕೊನೆಯಲ್ಲಿ ನಿಮಗೇ ಗೊತ್ತಾಗುತ್ತದೆ. ಇಲ್ಲಿಯ ನಲವತ್ತು ಜನ ಹಿರಿಯರು ಅಲ್ಲಿಗೆ ಹೊರಟು ನಿಂತಿದ್ದಾಗ ವಿಮಾನಗಳೇ ನಿಂತುಹೋದವು. ಬದಲಿಗೆ ಕಂಪ್ಯೂಟರಿನಲ್ಲೇ ಹಳ್ಳಿ ತೋರಿಸುವ ಕೆಲಸ ಮಿನಾಟೋದಲ್ಲಿರುವ ನಮ್ಮ ಸಾಫ್ಟ್‌ವೇರ್ ಕಂಪನಿಗೆ ಬಂತು. ನಮ್ಮ ವಿಭಾಗದ ಮುಖ್ಯಸ್ಥರು, ನಾವೆಲ್ಲ ಬುಚೋ-ಸಾನ್ ಎನ್ನುವವರು, ಅದನ್ನು ನನ್ನ ತಲೆಗೆ ಕಟ್ಟಿದರು.

"ನನಗೆ ಫ್ರೆಂಚ್ ಬರಲ್ಲ, ಬುಚೋ-ಸಾನ್" ಅಂದೆ.

"ಅವರೂ ವಿದೇಶಿಯರು, ನೀವೂ ವಿದೇಶಿಯರು. ಹೊಂದಿಕೊಳ್ಳುತ್ತೆ" ಅಂದರು.

ಎಡೋಗಾವಾದ ನಮ್ಮ ಮನೆಯ ಊಟದ ಮೇಜೇ ನನ್ನ ಆಫೀಸಾಗಿತ್ತು. ಆ ನಲವತ್ತು ಜನರಿಗೆ ಮುಖಂಡರು ಎಂಬತ್ತಮೂರು ವರ್ಷದ ಒಬ್ಬ ಅಜ್ಜಿ, ಹೊಲ ಗೆಯ್ದು ಬದುಕಿದವರು. ಮೊದಲ ವಿಡಿಯೋ ಕಾಲ್‌ನಲ್ಲೇ ಅಡುಗೆಮನೆ ಗೋಡೆಯ ಹಳೇ ಕ್ಯಾಲೆಂಡರ್ ತೋರಿಸಿದರು. ಆ ಹಳ್ಳಿಯವರು ಕಳಿಸಿದ್ದು. ಅದರಲ್ಲಿ ಬಯಲಲ್ಲಿ ಒಂಟಿಯಾಗಿ ನಿಂತ ಒಂದು ಎತ್ತರದ ಕಲ್ಲು. ಸಾವಿರಾರು ವರ್ಷಗಳ ಹಿಂದಿನ ಜನ ನೆಟ್ಟದ್ದಂತೆ.

"ಹನ್ನೊಂದು ವರ್ಷದಿಂದ ಇದನ್ನ ನೋಡ್ತಾನೇ ಸೊಪ್ಪು ಹೆಚ್ಚಿದ್ದೀನಿ" ಅಂದರು ಅಜ್ಜಿ. "ಯಜಮಾನರ ಜೊತೆ ಹೋಗೋದು ಅಂತಿತ್ತು. ಅವರು ಮೊದಲೇ ಹೋಗಿಬಿಟ್ಟರು. ಈ ಕಾಯಿಲೆ ಮುಗಿಯೋವರೆಗೆ ನಾನಿರ್ತೀನೋ ಇಲ್ವೋ. ಆ ಕಲ್ಲಿಗೆ ಒಂದು ಸಲ ನಮಸ್ಕಾರ ಮಾಡಿಸಿಬಿಡಿ, ಸಾಕು."

ಅಷ್ಟು ಕೇಳಿದ ಮೇಲೆ ಆಗುವುದಿಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಭೂಗೋಳ

ಹಳ್ಳಿಯ ಕಡೆಯಿಂದ ಊರು ತೋರಿಸಲು ಒಪ್ಪಿದವರು ಒಬ್ಬ ಅಜ್ಜ. ಹರೆಯದಲ್ಲಿ ಹಡಗಿನ ಮೇಲೆ ದುಡಿದು, ಬಂದರು ಬಂದರಿನಲ್ಲಿ ಇಂಗ್ಲಿಷ್ ಕಲಿತವರು. ಅವರು ಇಂಗ್ಲಿಷಿನಲ್ಲಿ ಹೇಳುವುದು, ನಾನು ಅದನ್ನು ಜಪಾನೀ ಭಾಷೆಗೆ ತಿರುಗಿಸುವುದು, ಹೀಗೆ ಏರ್ಪಾಡು.

"ಚರ್ಚಿನಿಂದ ಆ ಕಲ್ಲಿಗೆ ಎಷ್ಟು ದೂರ?" ಬುಚೋ-ಸಾನ್ ನನ್ನ ಮೂಲಕ ಕೇಳಿಸಿದರು.

"ಒಂದು ಪೈಪ್ ಸೇದಿ ಮುಗಿಸೋಷ್ಟು. ಆದರೆ ಕಲ್ಲಲ್ಲಿ ನೋಡೋದೇನಿದೆ? ಚರ್ಚೇ ನೋಡಿ" ಅಂದರು ಅಜ್ಜ. ಕಲ್ಲಿನ ಮಾತು ಬಂದಾಗಲೆಲ್ಲ ಅವರು ಹೀಗೆ ಚರ್ಚಿನ ಕಡೆ ಹೊರಳುತ್ತಿದ್ದರು.

"ಒಂದು ಪೈಪ್ ಅಂದರೆ ಎಷ್ಟು ಮೀಟರ್?"

"ಅದು ಗಾಳಿ ಯಾವ ಕಡೆಯಿಂದ ಬೀಸುತ್ತೆ ಅನ್ನೋದರ ಮೇಲೆ."

ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮಜ್ಜಿ ತನ್ನ ತವರೂರನ್ನು "ಎರಡು ಸಲ ಎಲೆಅಡಿಕೆ ಹಾಕ್ಕೊಳೋಷ್ಟು ದೂರ" ಅನ್ನುತ್ತಿದ್ದಳು. ಆದರೆ ಬುಚೋ-ಸಾನ್ ಎಕ್ಸೆಲ್ ಹಾಳೆಯಲ್ಲಿ ಒಂದು ಮನೆಯನ್ನೂ ಖಾಲಿ ಬಿಡುವವರಲ್ಲ. ಮಾರನೆಯ ದಿನ ತೆರೆದು ನೋಡಿದರೆ ಹೊಸ ಅಂಕಣ: "ದೂರ, ಪೈಪ್‌ಗಳಲ್ಲಿ." ಅದರ ಪಕ್ಕದಲ್ಲೇ ಇನ್ನೊಂದು: "ಗಾಳಿಯ ದಿಕ್ಕು."

ಇತಿಹಾಸ

ಆ ಊರಿನ ಸಂತರು ಸಮುದ್ರದಾಚೆಯಿಂದ ಕಲ್ಲಿನ ದೋಣಿಯಲ್ಲಿ ತೇಲಿ ಬಂದರು ಎಂದು ಅಜ್ಜ ಬರೆದು ಕಳಿಸಿದ್ದರು. ಬುಚೋ-ಸಾನ್ ಅದಕ್ಕೆ ಕೆಂಪು ಬಣ್ಣ ಬಳಿದು ನನಗೆ ಫೋನ್ ಮಾಡಿದರು.

"ಕಲ್ಲು ತೇಲುವುದಿಲ್ಲ. ಇದು ಬಗ್ ಅಲ್ಲವೇ?"

ನಮ್ಮ ಕಡೆ ದೇವರು ಪೆಟ್ಟಿಗೆಯಲ್ಲಿ ತೇಲಿ ಬಂದ ಊರುಗಳು ಎಷ್ಟೋ ಇವೆ, ಯಾರೂ ಪೆಟ್ಟಿಗೆಯ ತೂಕ ಕೇಳಿದ್ದಿಲ್ಲ. "ಬಗ್ ಅಲ್ಲ ಬುಚೋ-ಸಾನ್, ಅಲ್ಲಿ ಎಲ್ಲರೂ ಹಾಗೇ ನಂಬ್ತಾರೆ" ಅಂದೆ.

"ಹಾಗಾದರೆ ಸ್ಪೆಸಿಫಿಕೇಶನ್, ಇರಬೇಕಾದದ್ದೇ ಹಾಗೆ" ಎಂದು ಅವರು ಕೆಂಪು ಬಣ್ಣ ಅಳಿಸಿದರು.

ಪರಂಪರೆ

ಅಜ್ಜ ಕಳಿಸಿದ ಫೋಟೋಗಳಲ್ಲಿ ಒಂದು ಪುಟ್ಟ ಕೊಳ ಇತ್ತು. ಸುತ್ತ ನೀರಿನ ಕಡೆಗೆ ವಾಲಿದ ಚಪ್ಪಡಿಗಳು. ನೋಡಿದ ಕೂಡಲೇ ನನ್ನ ಸೊಂಟಕ್ಕೆ ಗುರುತು ಸಿಕ್ಕಿತು. "ಇದು ಬಟ್ಟೆ ಒಗೆಯೋ ಜಾಗ ಇರಬೇಕು" ಅಂದೆ.

"ಸುಮಿಮಾಸೆನ್, ಕ್ಷಮಿಸಿ, ಈಗಾಗಲೇ ಎಲ್ಲರಿಗೂ ಮೇಲ್ ಹೋಗಿದೆ" ಅಂದರು ಬುಚೋ-ಸಾನ್. ಜಪಾನಿನಲ್ಲಿ ದೇಗುಲದ ಮುಂದೆ ಕಲ್ಲಿನ ತೊಟ್ಟಿಯಿದ್ದರೆ ಕೈ ಬಾಯಿ ತೊಳೆದೇ ಒಳಗೆ ಹೋಗಬೇಕು. ಇದೂ ಅಂಥದ್ದೇ ಎಂದುಕೊಂಡು, ಕೊಳ ಕಂಡಾಗ ಎಲ್ಲರೂ ಮನೆಯಲ್ಲೇ ಬಾಯಿ ಮುಕ್ಕಳಿಸಬೇಕೆಂದು ಬರೆದುಬಿಟ್ಟಿದ್ದರು.

ಅಭ್ಯಾಸದ ದಿನ ಕೊಳ ತೆರೆಯ ಮೇಲೆ ಬಂತು. ನಲವತ್ತು ಜನ ಭಕ್ತಿಯಿಂದ ಲೋಟ ಎತ್ತಿ ಬಾಯಿಗೆ ನೀರು ಹಾಕಿಕೊಂಡರು. ಅಷ್ಟರಲ್ಲಿ ಅಜ್ಜ ಹೆಮ್ಮೆಯಿಂದ, "ಇಡೀ ಊರಿನ ಚಡ್ಡಿಗಳನ್ನ ಇಲ್ಲೇ ಒಗೀತಿದ್ದಿದ್ದು. ನನ್ನದೂ ಸೇರಿ" ಅಂದರು. ನಾನು ನನ್ನ ಕರ್ತವ್ಯ ಮಾಡಿದೆ. ನಲವತ್ತು ಕೆನ್ನೆಗಳು ಉಬ್ಬಿಕೊಂಡೇ ನಿಂತವು.

ಅಜ್ಜಿ ಮಾತ್ರ ಗುಳಕ್ಕನೆ ನುಂಗಿ, "ಸದ್ಯ, ನೀರು ನಮ್ಮನೇದು" ಅಂದರು.

ಆ ಕಲ್ಲು

ಕೊನೆಗೆ ಆ ದಿನ ಬಂತು. ನಮಗೆ ಸಂಜೆ ನಾಲ್ಕು, ಅವರಿಗೆ ಬೆಳಗ್ಗೆ ಒಂಬತ್ತು. ಅಜ್ಜಿ ಮನೆಯೊಳಗೇ ಕಿಮೋನೊ ಉಟ್ಟು, ಯಜಮಾನರ ಫೋಟೋವನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

ಅಜ್ಜ ಫೋನ್ ಹಿಡಿದು ನಡೆದರು. ಪೈಪ್ ಮುಗಿಯಿತು, ಕಲ್ಲು ಬಂತು. ಬುಚೋ-ಸಾನ್ ಸಂಜ್ಞೆ ಮಾಡಿದರು. ನಲವತ್ತು ಜನ ಒಟ್ಟಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಜಪಾನೀಯರು ಮನಸಾರೆ ಬಗ್ಗಿದರೆ ಬೇಗ ಏಳುವುದಿಲ್ಲ. ತೆರೆಯ ಮೇಲೆ ಮುಖಗಳೆಲ್ಲ ಮಾಯವಾಗಿ ಬರೀ ನೆತ್ತಿಗಳು ಉಳಿದವು.

ಅಜ್ಜ ಫೋನನ್ನು ಕಣ್ಣಿಗೆ ಹತ್ತಿರ ತಂದುಕೊಂಡರು. "ಹಲೋ? ಲೈನ್ ಹೋಯ್ತಾ? ಎಲ್ಲರೂ ಹೋದ್ರಾ? ಒಳ್ಳೇದಾಯ್ತು. ನಿಮಗೊಬ್ಬರಿಗೆ ನಿಜ ಹೇಳಿಬಿಡ್ತೀನಮ್ಮ, ಎದೆ ಮೇಲೆ ಭಾರ ಆಗಿದೆ. ಈ ಕಲ್ಲು ಮೊದಲು ಇಲ್ಲಿರಲಿಲ್ಲ. ಅಲ್ಲಿ, ನಮ್ಮ ಆಲೂಗಡ್ಡೆ ಹೊಲದ ಮಧ್ಯ ಇತ್ತು. ಉಳೋಕೆ ಅಡ್ಡ ಅಂತ ನಾನೂ ಅಪ್ಪನೂ ಒಂದು ಭಾನುವಾರ, ಊರೆಲ್ಲ ಚರ್ಚಲ್ಲಿದ್ದಾಗ, ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದು ಇಲ್ಲಿ ನೆಟ್ವಿ. ಮೇಯರಿಗೂ ಗೊತ್ತಿಲ್ಲ."

ಅಷ್ಟರಲ್ಲಿ ನೆತ್ತಿಗಳು ಮೇಲೆದ್ದು ಮುಖಗಳಾದವು. ಅಜ್ಜ ಬಿಳಿಚಿಕೊಂಡರು.

"ಏನಂದರು?" ಅಜ್ಜಿ ನನ್ನನ್ನು ಕೇಳಿದರು.

ಹವಾ ಚೆನ್ನಾಗಿದೆಯಂತೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆಗ್ರಾದ ಬಗ್ಗೆ ಅಷ್ಟು ಸುಳ್ಳು ಹೇಳಿದ ನಾಲಿಗೆ ಆ ಅಜ್ಜಿಯ ಮುಂದೆ ಹೊರಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಬುಚೋ-ಸಾನ್ ಕಣ್ಣು ಮುಚ್ಚಿಕೊಂಡರು. ಅಜ್ಜಿ ಯಜಮಾನರ ಫೋಟೋ ಕಡೆ ಒಮ್ಮೆ ನೋಡಿ, ನಿಧಾನವಾಗಿ ಬಾಯಿ ತೆರೆದರು.

"ಕಲ್ಲು ಕಿತ್ತ ಮೇಲೆ ಆಲೂಗಡ್ಡೆ ಹೇಗೆ ಬಂತು ಅಂತ ಕೇಳಿ."

ಕೇಳಿದೆ. ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಎಲ್ಲಿ ಬಂತಮ್ಮ. ಅವತ್ತಿನಿಂದ ಇವತ್ತಿನವರೆಗೆ ಒಂದು ವರ್ಷವೂ ನೆಟ್ಟಗೆ ಬಂದಿಲ್ಲ."

ಅಜ್ಜಿಯ ಮುಖ ಅರಳಿತು.

"ಹಾಗಾದ್ರೆ ಕಲ್ಲು ಅಸಲಿನೇ" ಅಂದವರೇ, ಇನ್ನೊಂದು ಸಲ ಬಗ್ಗಿದರು.