ದಿಲೀಪ ಸತ್ತ ಭಾನುವಾರ

ದಿಲೀಪ ಸತ್ತದ್ದು ಒಂದು ದಾಳದ ದೆಸೆಯಿಂದ. ಸತ್ತ ಮೇಲೂ ಚಹಾ ಕುಡಿಯುತ್ತ ಜಗಳಕ್ಕೆ ನಿಂತಿದ್ದ.

ಆಟ ಅಂಬರೀಷನದು. ಕತೆ ಕಟ್ಟಿ ಹೇಳುವ ಮಾಸ್ತರ ಅವನೇ. ಉಳಿದವರು ಒಂದೊಂದು ವೇಷ ತೊಟ್ಟಂತೆ ಭಾವಿಸಿ, ಏನು ಮಾಡುತ್ತೇವೆಂದು ಹೇಳಿ ದಾಳ ಉರುಳಿಸಬೇಕು. ವಾರವೆಲ್ಲ ಹುಮನಾಬಾದಿನ ಅಂಗಡಿಯಲ್ಲಿ ಗಿರಾಕಿಗಳ ಬೈಗುಳ ತಿನ್ನುವ ಅಂಬರೀಷನಿಗೆ, ಜನ ಬಾಯಿ ಮುಚ್ಚಿ ತನ್ನ ಮಾತು ಕೇಳುವ ಜಾಗ ಲೋಕದಲ್ಲಿ ಬಸವಕಲ್ಯಾಣದ ದಿಲೀಪನ ಪಡಸಾಲೆ ಒಂದೇ. ಅಲ್ಲಿ ಅವನ ದರ್ಬಾರೋ ದರ್ಬಾರು! ಹೋದ ವಾರ ಆಟದೊಳಗೆ ವೈದ್ಯೆಯಾಗಿದ್ದ ಪೂನಮಳ ಕಾಲು ಮುರಿದಿದ್ದ, ಬಿಲ್ಲುಗಾರ ಸಂಘರತ್ನನ ಹೆಗಲಿಗೆ ಬಾಣ ನೆಟ್ಟಿದ್ದ. ಇವತ್ತು ಸರದಾರ ದಿಲೀಪ ಕೋಟೆ ಗೋಡೆಯಿಂದ ಜಿಗಿದ. ದಾಳ ತೋರಿಸಿದ್ದು ಒಂದು, ಎಲ್ಲಕ್ಕಿಂತ ಕೆಟ್ಟ ಅಂಕಿ.

“ಸತ್ತಿ,” ಎಂದ ಅಂಬರೀಷ.

“ಹ್ಯಾಂಗ ಸಾಯ್ತೀನಿ? ಕೆಳಗ ಹುಲ್ಲಿನ ಬಣವಿ ಅದ ಅಂತ ನೀನೇ ಹೇಳಿದ್ದಿ!”

“ಅದಕ್ಕ ಬೆಂಕಿ ಹತ್ತೇದ.”

“ಯಾವಾಗ ಹತ್ತಿತು?”

“ಈಗ.”

“ಹಂಗಿದ್ರ ನಮ್ಮ ಮನಿಯಿಂದ ನಿನ್ನ ಆಟ ಎತ್ತು!”

ಅಂಬರೀಷ ದಾಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಆಟ ಮುರಿದರೆ ಅವನಿಗೆ ಬರೀ ಗಿರಾಕಿಗಳೇ ಗತಿ.

ಗದ್ದಲ ಕೇಳಿ ಪಕ್ಕದ ಮನೆಯ ಬಂಡೆಪ್ಪಕಾಕಾ ಬಂದ. ಹೊಲದ ಬದು, ಓಣಿಯ ಗಟಾರ, ಗಂಡ ಹೆಂಡಿರ ಜಗಳ ಎಲ್ಲದಕ್ಕೂ ಪಂಚಾಯ್ತಿ ಮಾಡುವ ಹಿರಿಯ. ಕರೆಯುವ ತನಕ ಕಾಯುವ ಚಟ ಅವನಿಗಿರಲಿಲ್ಲ.

“ಹೆಣಾ ಎಲ್ಲದ?”

ದಿಲೀಪ ಕೈ ಎತ್ತಿದ. “ನಾನೇ ರೀ ಕಾಕಾ.”

ಕಾಕಾ ನಗಲಿಲ್ಲ. ಮುಟ್ಟಿ ಆಣೆ ಮಾಡಲೆಂದು ಒಳಗಿಂದ ದೇವರ ಅರಿಶಿನ, ಭಂಡಾರ ತರಿಸಿದ. “ಮೊದಲ ಕಾಯ್ದೆ ಹೇಳ್ರಿ. ಆಟದಾಗ ಯಾರ ಮಾತು ಕೊನಿ?”

“ಮಾಸ್ತರಂದು ರೀ!” ಅಂಬರೀಷ ಎಲ್ಲರಿಗಿಂತ ಮೊದಲು ಭಂಡಾರ ಮುಟ್ಟಿದ. “ಮಾಸ್ತರಗ ಎದುರಾಡಿದ್ರ ನನ್ನ ನಾಲಿಗಿ ಬೀಳಲಿ!”

“ಆಯ್ತು. ದಿಲೀಪ ಸತ್ತಾನ.”

ಅಂಬರೀಷ ಹಿಗ್ಗಿ ಹೀರೇಕಾಯಿಯಾದ. ಆದರೆ ಕಾಕಾನ ಮಾತು ಮುಗಿದಿರಲಿಲ್ಲ.

“ತಂಟಿ ಬಿದ್ದ ಹೊಲಾ ಇಬ್ಬರಿಗೂ ಬಿತ್ತಾಕ ಕೊಡಂಗಿಲ್ಲ. ಆ ಹಂಗಾಮ ಮೂರನೆಯವ ಬಿತ್ತಬೇಕು. ಅದು ನಮ್ಮ ಪದ್ಧತಿ. ಆಟಕ್ಕೂ ಅದೇ. ಈ ಹಂಗಾಮ ಮಾಸ್ತರ ನಾನೇ.”

ಉಳಿದವರು ಚಪ್ಪಾಳೆ ತಟ್ಟಿದರು. ಅಂಬರೀಷ ಬಾಯಿ ತೆರೆದ. ಬೆರಳಿನ ಭಂಡಾರ ಇನ್ನೂ ಹಳದಿಯಾಗೇ ಇತ್ತು. ಅಯ್ಯೋ ಶಿವನೇ ಎಂದುಕೊಂಡು ಬಾಯಿ ಮುಚ್ಚಿದ.

ಕಾಕಾ ಅವನ ಕುರ್ಚಿಯಲ್ಲೇ ಕಾಲು ಮಡಚಿ ಕೂತು ಆಟ ಮುಂದುವರಿಸಿದ. “ಹೆಣಾ ಹುಮನಾಬಾದಿಗಿ ಮುಟ್ಟಬೇಕು. ಹೊರಾವ್ರು ಯಾರು?”

“ನನ್ನ ಕಾಲು ಮುರದದ ರೀ,” ಎಂದಳು ಪೂನಮ.

“ನನ್ನ ಹೆಗಲಾಗ ಬಾಣ ಅದ ರೀ,” ಎಂದ ಸಂಘರತ್ನ.

“ಹಂಗಾದ್ರ ಅಂಬರೀಷ, ನೀನೇ ಹೊರು.”

ಅಂಬರೀಷ ದಾಳ ಉರುಳಿಸಿದ. ಒಂದು.

“ಎಡವಿದಿ. ಹೆಣಾ ಕೆಳಗ ಬಿತ್ತು. ಮತ್ತ ಕ್ವಾಟಿ ಬುಡದಿಂದ ಸುರು ಮಾಡು.”

ದಿಲೀಪ ಇನ್ನೊಂದು ಕಪ್ ಚಹಾ ಹೇಳಿ, ಗೋಡೆಗೆ ಹಾಯಾಗಿ ಒರಗಿದ.

“ಈ ಸಲ ಸಾವಕಾಶ ಎತ್ತೋ,” ಎಂದಿತು ಹೆಣ.